ತಲೆಯಿಲ್ಲದ ಹಂಸ

ನೊಣ ಮತ್ತೆ ಬಂದು ಅಲ್ಲೇ ಕೂತಿತು, ಹಂಸದ ತಲೆ ಇರಬೇಕಾದ ಜಾಗದಲ್ಲೇ, ಇಷ್ಟಗಲ ಕಿಟಕಿಯಲ್ಲಿ ಅದಕ್ಕೆ ಬೇರೆ ಜಾಗ ಸಿಗಲಿಲ್ಲ — ಕೂರು, ಕೂರು, ಮೂವತ್ತು ಚಿಲ್ಲರೆ ವರ್ಷದಿಂದ ಬರೀ ಮುಂಡವಾಗಿ ಈಜುತ್ತಿರುವ ಪ್ರಾಣಿಗೆ ನೀನಾದರೂ ತಲೆಯಾಗು — ಒಳಗಿನಿಂದ ನೋಡಿದರೆ ಚಿತ್ರ ಕಾಣುವುದಿಲ್ಲ, ಬೀದಿ ಕಾಣುತ್ತದೆ, ಆದರೂ ಕಿಟಕಿಯ ತಂತಿಜಾಲರಿಯ ಮೇಲೆ ಎಲ್ಲಿ ಏನಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ, ಎಡಕ್ಕೆ ಕೆಂಪು ಮಾಡಿನ ಮನೆ, ಅದರ ಬಾಗಿಲಿಗೆ ಹೋಗುವ ಡೊಂಕು ದಾರಿ, ಬಲಕ್ಕೆ ಕೊಳ, ಕೊಳದಲ್ಲಿ ಎರಡು ಹಂಸ, ಒಂದಕ್ಕೆ ತಲೆ ಉಂಟು ಇನ್ನೊಂದಕ್ಕಿಲ್ಲ, ಅಪ್ಪ ಬರೆದದ್ದು, ತಂತಿಗೆ ಮಾತ್ರ ಬಣ್ಣ ತಾಗಿಸಿ ತೂತುಗಳನ್ನು ಹಾಗೇ ಬಿಡುವುದು ಅವನ ಕೈಗೆ ಬಂದಿತ್ತು, ಬೀದಿಯವರಿಗೆ ಹಂಸ, ಮನೆಯವರಿಗೆ ಬೀದಿ, ಗಾಳಿ ಇಬ್ಬರಿಗೂ, ಮನೆಗೆ ಮನೆ ಅಂಟಿಕೊಂಡಿರುವ ಈ ಇಟ್ಟಿಗೆಯ ಸಾಲಿನಲ್ಲಿ ಕಾಲುದಾರಿಯಲ್ಲಿ ಹೋಗುವವನ ಮೊಣಕೈ ಕಿಟಕಿಗೇ ತಾಗುತ್ತದೆ, ಹಂಸ ಇಲ್ಲದಿದ್ದರೆ ನಾವು ಬೇಸಿಗೆಯಲ್ಲಿ ಕಾಲು ಚಾಚಿ ಕೂರುವುದು ಹೇಗೆ — ನನ್ನ ಕಾಲು ಈಗ ಉಪ್ಪುನೀರಿನ ಬೋಗುಣಿಯಲ್ಲಿದೆ, ಮಂಡಿ ಕೆಂಪಗಾಗಿದೆ, ಬೆಳಿಗ್ಗೆ ಹಾಲುಗಲ್ಲಿನ ಮೆಟ್ಟಿಲನ್ನು ಉಜ್ಜುಗಲ್ಲು ಹಾಕಿ ತಿಕ್ಕಿದ್ದೇನೆ, ಅಮ್ಮ ಶನಿವಾರ ತಿಕ್ಕುತ್ತಿದ್ದಳು, ನಾನೂ ಶನಿವಾರವೇ ತಿಕ್ಕುತ್ತೇನೆ, ಅಮ್ಮ ಹಾಡಿಕೊಂಡು ತಿಕ್ಕುತ್ತಿದ್ದಳು, ನಾನು ಹಲ್ಲು ಕಚ್ಚಿಕೊಂಡು ತಿಕ್ಕುತ್ತೇನೆ, ಅಷ್ಟೇ ವ್ಯತ್ಯಾಸ, ಯಾರ ಮೇಲೆ ಸಿಟ್ಟು ಅಂದರೆ ನೂರು ಹೆಸರು ಹೇಳಬಹುದು, ಮೊದಲ ಹೆಸರು ಮಾತ್ರ ಹೇಳುವುದಿಲ್ಲ, ಅವನ ಹೆಸರಿಗೆ ನನ್ನ ನಾಲಿಗೆಯಲ್ಲಿ ಜಾಗವಿಲ್ಲ.

ಕರೆಗಂಟೆ — ತೆಗೆಯುವುದಿಲ್ಲ, ಕಾಲು ಒದ್ದೆ, ಯಾರದು — ಓ, ವೆನ್ಸ್, ನನ್ನ ಅಣ್ಣ, ಸ್ವಂತ ಅಣ್ಣ, ಈ ಮನೆಯಲ್ಲೇ ಹುಟ್ಟಿ ಈ ಮೆಟ್ಟಿಲ ಮೇಲೇ ಹಲ್ಲು ಮುರಿದುಕೊಂಡವನು, ಈಗ ಊರಾಚೆಯ ಹುಲ್ಲುಹಾಸಿನ ಬಡಾವಣೆಯಿಂದ ವರ್ಷಕ್ಕೆರಡು ಸಲ ಬರುತ್ತಾನೆ, ಕ್ರಿಸ್‌ಮಸ್ಸಿಗೊಂದು, ಈ ಜಾತ್ರೆಗೊಂದು, ಜೊತೆಗೆ ಅವಳು, ಅತ್ತಿಗೆ ನಡೀನ್, ದೇವರೇ, ತಲೆಯ ಮೇಲೆ ಏನದು, ಜೇನುಗೂಡಿನ ಹಾಗೆ ಎತ್ತರಕ್ಕೆ ಕಟ್ಟಿದ ಹಳದಿ ವಿಗ್ಗು, ಮೂಲೆ ಚೂಪಾದ ಬೆಕ್ಕಿನ ಕಣ್ಣಿನ ಕನ್ನಡಕ, ಚಿರತೆ ಚುಕ್ಕೆಯ ಅಂಗಿ, ಈ ಜಾತ್ರೆ ಶುರುವಾದಾಗಿನಿಂದ ಹೊರಗಿನವರೆಲ್ಲ ಹೀಗೆ ನಮ್ಮ ಅಮ್ಮಂದಿರ ಕಾಲದ ವೇಷ ಹಾಕಿಕೊಂಡು ಬರುತ್ತಾರೆ, ಒಬ್ಬರನ್ನೊಬ್ಬರು ಹಾನ್ ಹಾನ್ ಎಂದು ಕರೆದುಕೊಂಡು ಬಿದ್ದುಬಿದ್ದು ನಗುತ್ತಾರೆ, ಬಾ ಹಾನ್, ಹೇಗಿದೀಯಾ ಹಾನ್ — ಅದು ನಗುವ ಮಾತಲ್ಲ, ನನ್ನ ಅಮ್ಮನ ಮಾತು, ಸಿಂಪಿ ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದಿನವಿಡೀ ನಿಂತು, ಬೆರಳು ಬಿರಿದು, ಮನೆಗೆ ಬಂದು ನನ್ನ ಗಲ್ಲ ಹಿಡಿದು ಊಟ ಆಯ್ತಾ ಹಾನ್ ಅನ್ನುತ್ತಿದ್ದಳು, ಚಿನ್ನ, ಮುದ್ದು, ಕಂದ, ಎಲ್ಲ ಆ ಒಂದೇ ಮಾತಿನಲ್ಲಿ, ಭಾನುವಾರ ಚರ್ಚಿನ ಪೂಜೆಗೆ ಹೋಗುವಾಗ ಕೂದಲನ್ನು ಹಾಗೆ ಎತ್ತರಕ್ಕೆ ಕಟ್ಟುತ್ತಿದ್ದಳು ಯಾಕೆಂದರೆ ವಾರವಿಡೀ ಅದು ಕಾರ್ಖಾನೆಯ ತಲೆಬಲೆಯೊಳಗೆ ಇರುತ್ತಿತ್ತು, ಅಮ್ಮನ ತಲೆಯನ್ನೇ ಕಿತ್ತು ತಾನು ಹಾಕಿಕೊಂಡು ಬಂದಿದ್ದಾಳೆ, ತೆಗೆಯುವುದಿಲ್ಲ ಬಾಗಿಲು, ಎಷ್ಟು ಬೇಕಾದರೂ ಒತ್ತಲಿ.

ಮತ್ತೆ ಗಂಟೆ — ಮಿಲ್ಲೀ, ಏ ಮಿಲ್ಲೀ — ಇಲ್ಲ ಅನ್ಸುತ್ತೆ ವೆನ್ಸ್, ಪೇಟೆಗೆ ಹೋಗಿರ್ತಾಳೆ ಬಿಡು, ಮೆರವಣಿಗೆ ಶುರುವಾಗೋಕೆ ಇನ್ನೂ ಹೊತ್ತಿದೆ, ಇಲ್ಲೇ ಕೂರೋಣ, ನನ್ನ ಚಪ್ಪಲಿ ಕಚ್ತಿದೆ — ಕೂತಳು, ನಾನು ತಿಕ್ಕಿದ ಮೆಟ್ಟಿಲ ಮೇಲೆ, ಇನ್ನೂ ತೇವ ಆರಿಲ್ಲ, ಚಿರತೆಯ ಹಿಂಭಾಗ ಒದ್ದೆಯಾಗಲಿ — ಎದುರುಮನೆ ಯಾದ್ವಿಗಾ ತನ್ನ ಮೆಟ್ಟಿಲ ಮೇಲಿಂದ ನೋಡುತ್ತಿದ್ದಾಳೆ, ಕೈಯಲ್ಲಿ ನೆನೆದ ಚಿಂದಿ, ಏನ್ ವೆನ್ಸ್, ದಾರಿ ತಪ್ಪಿ ಬಂದ್ಯೇನೋ, ನಮ್ಮ ಬೀದಿ ಇನ್ನೂ ಇದೆ ನೋಡು — ನಗಬೇಡಿ ಯಾದ್ವಿಗಾ, ಮಿಲ್ಲಿ ಎಲ್ಲಿ — ಯಾದ್ವಿಗಾ ನೇರವಾಗಿ ನನ್ನ ಕಿಟಕಿ ನೋಡಿದಳು, ಅವಳಿಗೆ ಗೊತ್ತು ನಾನು ಈ ಹೊತ್ತಿಗೆ ಎಲ್ಲಿ ಕೂತಿರುತ್ತೇನೆಂದು, ಅವಳ ಕಿಟಕಿಯಲ್ಲಿ ಗಾಳಿಗಿರಣಿ, ನನ್ನದರಲ್ಲಿ ಹಂಸ, ನಲವತ್ತು ವರ್ಷದಿಂದ ಗಾಳಿಗಿರಣಿಯೂ ಹಂಸವೂ ಮಾತಾಡಿಕೊಂಡೇ ಬಂದಿವೆ — ನಂಗೇನ್ ಗೊತ್ತಪ್ಪ, ಏಡಿ ತರೋಕೆ ಹೋದ್ಲೋ ಏನೋ, ಅಂದು ಕಣ್ಣು ಹೊಡೆದು ಒಳಗೆ ಹೋದಳು, ಬಂಗಾರದಂಥ ಹೆಂಗಸು — ಈ ಬೀದಿಯಲ್ಲಿ ಹುಟ್ಟಿದ ಕೂಸಿಗೂ ತಿಳಿದಿದೆ, ಬಣ್ಣದ ಜಾಲರಿಯ ಮುಂದೆ ನಿಂತು ಗುಟ್ಟು ಆಡಬಾರದು, ಹಂಸಕ್ಕೆ ಕಿವಿ ಇರುತ್ತದೆ, ಅದನ್ನು ನನಗೆ ಹೇಳಿಕೊಟ್ಟವನೇ ಈ ವೆನ್ಸ್, ಈಗ ನೋಡು, ಬೆನ್ನು ಕಿಟಕಿಗೆ ಒರಗಿಸಿ ಆರಾಮಾಗಿ ಕೂತಿದ್ದಾನೆ, ಮರೆತಿದ್ದಾನೆ, ಅವನ ಬಡಾವಣೆಯ ಕಿಟಕಿಗಳಿಗೆಲ್ಲ ಗಾಜು, ಏರ್‌ಕಂಡೀಷನ್ನು, ಅಲ್ಲಿ ಬೈದರೂ ಕೇಳಿಸುವುದಿಲ್ಲ ಅತ್ತರೂ ಕೇಳಿಸುವುದಿಲ್ಲ, ಊರು ಕೆಟ್ಟುಹೋಯ್ತು ಮಿಲ್ಲಿ ಅನ್ನುತ್ತಾನೆ ಪ್ರತಿ ಕ್ರಿಸ್‌ಮಸ್ಸಿಗೆ, ಬಾಲ್ಟಿಮೋರ್ ಮುಗೀತು ಅನ್ನುತ್ತಾನೆ, ಹೆಸರನ್ನು ಪೂರ್ತಿ ಬಿಡಿಸಿ ಹೇಳುತ್ತಾನೆ ಹೊರಗಿನವರ ಹಾಗೆ, ನಾವು ಬಾಲ್ಮರ್ ಅನ್ನುವವರು, ಗಲಭೆಯಲ್ಲಿ ಊರಿಗೆ ಬೆಂಕಿ ಬಿದ್ದ ವರ್ಷವೇ ಗಂಟುಮೂಟೆ ಕಟ್ಟಿ ಓಡಿದವನಿಗೆ ಯಾವ ಊರು, ಯಾವುದು ಕೆಡುವುದು, ಈ ಸಾಲಿನಿಂದಲೇ ಎಷ್ಟು ಜನ ಓಡಿದರು, ಕರಿಯರು ಬರ್ತಾರೆ ಕರಿಯರು ಬರ್ತಾರೆ ಎಂದು, ಯಾರೂ ಬರಲಿಲ್ಲ, ಖಾಲಿ ಮನೆಗಳಲ್ಲಿ ಪಾರಿವಾಳ ಬಂದವು.

ಹೋದ ವಾರ ಯಾರು ಸಿಕ್ಕಿದ್ರು ಗೊತ್ತಾ ನಡೀನ್ — ವೆನ್ಸನ ದನಿ, ಜಾಲರಿಯ ಆಚೆ, ನನ್ನ ಮೊಣಕಾಲಿನಿಂದ ಒಂದು ಗೇಣು ದೂರ — ಪೇಟೆಯಲ್ಲಿ, ಮೀನಿನ ಅಂಗಡಿಗಳ ಕೊನೇಲಿ, ಆ ಹಣ್ಣಿನ ಗಾಡಿಯವನು, ಮುದುಕ ಆಗಿದಾನೆ, ಗಡ್ಡ ಬೆಳ್ಳಗಾಗಿದೆ, ಶನಿವಾರ ಶನಿವಾರ ಅಲ್ಲೇ ನಿಲ್ತಾನಂತೆ, ಈಗಲೂ ಕುದುರೆ ಇಟ್ಕೊಂಡಿದಾನೆ — ಯಾರು, ನಿಮ್ಮ ಮಿಲ್ಲಿಯವನಾ — ಹ್ಞೂಂ, ಅವನೇ, ಅಲಾಂಜೊ. ಹೆಸರು ಹೇಳಿಬಿಟ್ಟ, ನಾನು ಹೇಳದ ಹೆಸರನ್ನು ಕಡಲೆಕಾಯಿ ಸಿಪ್ಪೆಯ ಹಾಗೆ ಬೀದಿಗೆ ಉಗಿದುಬಿಟ್ಟ, ಬೋಗುಣಿಯ ನೀರು ತಣ್ಣಗಾಗಿದೆ, ಇಲ್ಲ, ನನ್ನ ಕಾಲು ತಣ್ಣಗಾಗಿದೆ — ಗಾಡಿಯ ಗೆಜ್ಜೆ ಮೊದಲು ಕೇಳುತ್ತಿತ್ತು, ಆಮೇಲೆ ಕೂಗು, ಪ್ರತಿ ಗಾಡಿಯವನಿಗೂ ತನ್ನದೇ ಕೂಗು, ಅವನದು ಬೀದಿಯ ಆ ತುದಿಯಲ್ಲಿ ಶುರುವಾಗಿ ನಮ್ಮ ಮನೆ ದಾಟುವವರೆಗೂ ಉಸಿರು ಮುರಿಯುತ್ತಿರಲಿಲ್ಲ, ಕಲ್ಲಂಗಡೀಈಈ, ಕೆಂಪು ನೋಡಮ್ಮಾ, ಸಿಹಿ ನೋಡಮ್ಮಾ, ಕುದುರೆಯ ನೆತ್ತಿಯಲ್ಲಿ ಹಳದಿ ಗರಿ, ಅಪ್ಪ ಉಕ್ಕಿನ ಕಾರ್ಖಾನೆಗೆ ಹೋಗಿರುತ್ತಿದ್ದ, ಅಮ್ಮ ಡಬ್ಬಿ ಕಾರ್ಖಾನೆಗೆ, ನಾನು ಇಲ್ಲಿ ಒಳಗೆ, ಅವನು ಅಲ್ಲಿ ಹೊರಗೆ, ತಕ್ಕಡಿ ಕೈಯಲ್ಲಿ ಹಿಡಿದುಕೊಂಡು ಕಿಟಕಿಗೆ ಮಾತಾಡುತ್ತಿದ್ದ, ದಾರಿಯವರಿಗೆ ಕಂಡದ್ದು ಹಂಸದ ಜೊತೆ ಹರಟುವ ಹಣ್ಣಿನವನು ಮಾತ್ರ, ನಿನ್ನ ಮುಖಕ್ಕಿಂತ ಈ ಕೆಂಪು ಮನೇನೇ ಜಾಸ್ತಿ ನೋಡಿದೀನಿ ಮಿಲ್ಲಿ, ಇದರೊಳಗೆ ಎಷ್ಟು ಕೋಣೆ ಇದೆ ಹೇಳು — ಎರಡು ಸಾಕಲ್ವಾ, ನಾನು — ಮತ್ತೆ ಕುದುರೆಗೆ, ಅವನು — ಕುದುರೆ ಹಿತ್ತಲಲ್ಲಿರಲಿ, ಅಯ್ಯೋ ಅವನ ಆ ನಗು, ಕರಿಯನೂ ಬಿಳಿಯಳೂ ಮದುವೆಯಾಗಬಾರದು ಅನ್ನುವ ಕಾನೂನನ್ನು ಹಿಂದಿನ ವರ್ಷವಷ್ಟೇ ತೆಗೆದಿದ್ದರು, ಕಾನೂನು ತೆಗೆದರು, ಬೀದಿಯ ಕಣ್ಣು ಯಾರು ತೆಗೆಯಬೇಕು, ಈಸ್ಟರ್ ಮುಗೀಲಿ, ಗಾಡಿ ಬಿಟ್ಟು ಕೋಟು ಹಾಕ್ಕೊಂಡು ಬರ್ತೀನಿ, ಮುಂದಿನ ಬಾಗಿಲಿಗೇ ಬರ್ತೀನಿ, ನಿಮ್ಮಪ್ಪನ ಹತ್ರ ನಾನೇ ಮಾತಾಡ್ತೀನಿ ಅಂದಿದ್ದ, ಮುಂದಿನ ಬಾಗಿಲು ಎಂದು ಎರಡು ಸಲ ಅಂದಿದ್ದ.

ಬರಲಿಲ್ಲ, ಈಸ್ಟರಿಗೆ ಮುಂಚೆ ಊರು ಹೊತ್ತಿಕೊಂಡಿತು, ಕರಿಯರ ದೊಡ್ಡ ನಾಯಕನನ್ನು ದೂರದ ಊರಲ್ಲಿ ಗುಂಡಿಟ್ಟು ಕೊಂದಿದ್ದರು, ಇಲ್ಲಿ ಅಂಗಡಿಗಳು ಉರಿದವು, ಮೂಲೆಮೂಲೆಗೆ ಬಂದೂಕಿನ ಹುಡುಗರು, ಕರ್ಫ್ಯೂ, ಒಣಹಾಕಿದ ಬಟ್ಟೆಗೆಲ್ಲ ಹೊಗೆ ವಾಸನೆ, ಆಮೇಲೆ ಎಲ್ಲ ತಣ್ಣಗಾಯಿತು, ಮಳೆಕೋಟಿನ ಕಾರ್ಖಾನೆ ಮತ್ತೆ ಬಾಗಿಲು ತೆರೆಯಿತು, ನಾನು ಅಲ್ಲಿ ಕೆಲಸಕ್ಕೆ ಸೇರಿದೆ, ನನ್ನನ್ನು ಸಂಜೆಯ ಪಾಳಿಗೆ ಹಾಕಿದರು, ಹಗಲೆಲ್ಲ ಇಲ್ಲಿ ಕೂತು ಗೆಜ್ಜೆ ಕೇಳಲು ಕಾದೆ, ಬರಲಿಲ್ಲ, ಒಂದು ದಿನ ಎರಡು ಬಸ್ಸು ಬದಲಿಸಿ ಅವನ ಲಾಯಕ್ಕೇ ಹೋದೆ, ಬೀಗ, ಪಕ್ಕದವನು ದಕ್ಷಿಣಕ್ಕೆ ಚಿಕ್ಕಮ್ಮನ ಮನೆಗೆ ಹೋದ ಅಂದ, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ನೀವು ಯಾರು ಅಂದ, ನಾನು ಯಾರು, ಏನೆಂದು ಹೇಳಲಿ — ಅವತ್ತಿನಿಂದ ಸಿಟ್ಟು, ಹೇಡಿ ಅಂದುಕೊಂಡೆ, ಬಿಳಿ ಹುಡುಗಿಯ ಜೊತೆ ಆಟ ಆಡಿ ಬೆಂಕಿ ಕಂಡು ಓಡಿದ ಅಂದುಕೊಂಡೆ, ಅಲ್ಲಿ ನೋಡಿದೆಯಾ ನಮ್ಮ ಜನ ಹೇಗೆ ಸತ್ತರು, ನಿನ್ನ ಕೆಂಪು ಮನೆ ಯಾರಿಗೆ ಬೇಕು ಎಂದು ಮನಸ್ಸಿನಲ್ಲೇ ಹೇಳಿ ಹೋದ ಅಂದುಕೊಂಡೆ, ಅವನ ಬಾಯಿಗೆ ಎಷ್ಟು ಮಾತು ತುರುಕಿದೆ, ಹಾಲುಗಲ್ಲು ಸವೆಯುವಂತೆ ಅವನನ್ನು ತಿಕ್ಕಿದೆ, ಕೇಳಿಕೊಂಡು ಬಂದ ಇಬ್ಬರು ಒಳ್ಳೆಯ ಗಂಡಸರಿಗೆ ಮುಖ ತಿರುಗಿಸಿದೆ.

ಬಂದಿದ್ದ ನಡೀನ್ — ಏನಂದ, ಏನಂದ ಇವನು — ಬಂದಿದ್ದ, ನಿಂಗೆ ಹೇಳಿರಲಿಲ್ಲ, ಆ ಗಲಾಟೆ ಆದ್ಮೇಲೆ, ಕೋಟು ಹಾಕ್ಕೊಂಡು, ಟೋಪಿ ಕೈಯಲ್ಲಿ ಹಿಡ್ಕೊಂಡು, ಸಂಜೆ ಸಂಜೆ ಬರ್ತಿದ್ದ, ಅಪ್ಪ ಪಾಳಿಗೆ, ಅಮ್ಮ ಚರ್ಚಿಗೆ, ಇವಳು ಕಾರ್ಖಾನೆಗೆ, ನಾನೊಬ್ನೇ, ಒಳಗೆ ಅಪ್ಪನ ತೂಗುಕುರ್ಚೀಲಿ, ದೀಪ ಹಾಕಿದ್ರೆ ಜಾಲರೀಲಿ ಒಳಗಡೆ ಕಂಡುಬಿಡುತ್ತಲ್ಲ, ಅದಕ್ಕೇ ಹಾಕ್ತಿರ್ಲಿಲ್ಲ, ಸುಮ್ನೆ ಕೂತಿರ್ತಿದ್ದೆ, ಗಂಟೆ ಹೊಡೀತಿದ್ದ, ಕಾಯ್ತಿದ್ದ, ಕೊನೇ ದಿನ ಕಿಟಕಿಗೇ ಬಂದುಬಿಟ್ಟ ಮಾರಾಯ್ತಿ, ಎರಡೂ ಕೈ ಹೀಗೆ ಕಣ್ಣಿನ ಪಕ್ಕ ಇಟ್ಕೊಂಡು ಮೂಗನ್ನ ಜಾಲರಿಗೆ ಒತ್ತಿ, ಮಿಲ್ಲಿ ಒಳಗಿದೀಯಾ, ಮಿಲ್ಲಿ ಒಳಗಿದೀಯಾ, ನಾನು ಸ್ವಲ್ಪ ಅಲ್ಲಾಡಿದೆ, ಕುರ್ಚಿ ಕಿರ್ ಅಂತು, ಅವನು ನಿಂತುಬಿಟ್ಟ, ಇವಳೇ ಕೂತಿದಾಳೆ ಅಂದ್ಕೊಂಡ — ಅಯ್ಯಯ್ಯೋ — ಗೊತ್ತಾಯ್ತು ಮಿಲ್ಲಿ, ನೀನಿದೀಯ ಅಂತ ಗೊತ್ತಾಯ್ತು, ಒಂದು ಮಾತು ಆಡು, ಬೇಡ ಅಂತಾನಾದ್ರೂ ಅನ್ನು ಅಂದ, ನಾನು ಉಸಿರು ಬಿಗಿ ಹಿಡ್ಕೊಂಡೆ, ಎಷ್ಟೋ ಹೊತ್ತು, ಆಮೇಲೆ ಮುಖ ಹಿಂದೆ ತಗೊಂಡ, ತಗೊಂಡ್ರೆ, ಅಪ್ಪ ಅವತ್ತು ಬೆಳಿಗ್ಗೆ ತಾನೇ ಹಳೇ ಬಣ್ಣ ಕೆರೆದು ಹಂಸಕ್ಕೆ ಹೊಸ ಬಣ್ಣ ಹಚ್ಚಿದ್ದ, ಹಸಿ ಆರಿರ್ಲಿಲ್ಲ, ಅವನ ಮೂಗಿನ ತುದೀಲಿ ಬೆಳ್ಳಗೆ ಅಂಟ್ಕೊಂಡಿದೆ, ಕರೀ ಮೂಗಿನ ಮೇಲೆ ಬಿಳೀ ಬಣ್ಣ, ಅವನಿಗೆ ಗೊತ್ತೇ ಇಲ್ಲ, ಹಾಗೇ ಟೋಪಿ ಹಾಕ್ಕೊಂಡು ಹೊರಟ, ನಾನು ನಗು ತಡೆಯೋಕೆ ಬಾಯಿಗೆ ಬಟ್ಟೆ ತುರುಕ್ಕೊಂಡೆ.

ನಗು — ಬಾಯಿಗೆ ಬಟ್ಟೆ — ಯಾವ ಮುಂಡೇದು ಹಸಿ ಬಣ್ಣ ಮುಟ್ಟಿದ್ದು ಎಂದು ಅಪ್ಪ ಮರುದಿನ ಬೀದಿಗೆಲ್ಲ ಕೇಳುವಂತೆ ಬೈದಿದ್ದ, ಮಕ್ಕಳ ಕೆಲಸ, ಚೆಂಡು ತಾಗಿದೆ ಎಂದವನು ವೆನ್ಸ್, ಬರುವ ವರ್ಷ ತಲೆ ಬರೀತೀನಿ ಬಿಡು ಅಂದ ಅಪ್ಪ, ಬರುವ ವರ್ಷ ಅಪ್ಪನೇ ಇರಲಿಲ್ಲ, ಉಕ್ಕಿನ ಧೂಳು ಅವನ ಎದೆ ತಿಂದಿತ್ತು, ಅಪ್ಪನ ಕೈಯ ಕೊನೆಯ ಬಣ್ಣವೆಂದು ನಾನು ಇನ್ನೊಬ್ಬರ ಕುಂಚ ತಾಗಿಸಲಿಲ್ಲ, ಚಳಿಗಾಲಕ್ಕೆ ಬಿಚ್ಚಿ ಹಳೆ ದುಪ್ಪಟಿಯಲ್ಲಿ ಸುತ್ತಿ ಮಂಚದಡಿ ಇಟ್ಟೆ, ಬೇಸಿಗೆಗೆ ಹಾಕಿದೆ, ಆ ತಲೆಯಿಲ್ಲದ ಹಂಸವನ್ನು ನೆರೆಯವರು ಆಡಿಕೊಂಡರೆ ಜಗಳಕ್ಕೆ ಹೋದೆ, ಅದು ಅವನ ಮೂಗು, ಅಲಾಂಜೊನ ಮೂಗು ಒತ್ತಿದ ಜಾಗ, ಇಷ್ಟು ವರ್ಷ ನನ್ನ ಕಣ್ಣ ಮುಂದೆ ಅವನು ಬಂದಿದ್ದಕ್ಕೆ ಸಾಕ್ಷಿ ನೇತಾಡುತ್ತಿತ್ತು, ನಾನು ಅದರ ಹಿಂದೆ ಕೂತು ಅವನನ್ನೇ ಶಪಿಸುತ್ತಿದ್ದೆ — ಥೂ, ಮೂವತ್ತು ವರ್ಷದ ಸಿಟ್ಟನ್ನು ತಪ್ಪು ಬಾಗಿಲಿಗೆ ಹಾಕಿ ಬಂದೆನಲ್ಲ, ಅಪ್ಪ ಒಪ್ಪುತ್ತಿದ್ದನೋ ಗೊತ್ತಿಲ್ಲ, ಬೆಲ್ಟು ಬಿಚ್ಚುತ್ತಿದ್ದನೇನೋ, ಅಮ್ಮ ಅಳುತ್ತಿದ್ದಳು, ಬೀದಿ ಕಲ್ಲು ಎಸೆಯುತ್ತಿತ್ತೇನೋ, ಇರಲಿ, ಅದು ನನ್ನ ಜಗಳ, ನಾನು ಆಡಬೇಕಾಗಿದ್ದ ಜಗಳ, ಸೋತಿದ್ದರೂ ನಾನೇ ಸೋಲಬೇಕಾಗಿತ್ತು, ಇವನು ಅದನ್ನು ನನ್ನ ಕೈಗೇ ಕೊಡಲಿಲ್ಲ, ದೀಪ ಆರಿಸಿ ಕೂತು ನುಂಗಿಬಿಟ್ಟ, ನುಂಗಿ ನಕ್ಕ.

ಮತ್ತೆ ಹೋದ ವಾರ ಏನಂದ ಅವನು — ನಡೀನ್, ವಿಗ್ಗಿನೊಳಗೆ ಬೆರಳು ಹಾಕಿ ಕೆರೆದುಕೊಳ್ಳುತ್ತ — ಏನಂತಾನೆ, ನನ್ನ ಗುರುತು ಹಿಡಿದ, ನಿಮ್ಮ ತಂಗಿ ಚೆನ್ನಾಗಿದಾರಾ ಅಂದ, ಅಷ್ಟೇ — ನೀನು — ನಾನಾ, ಅವಳಿಲ್ಲ, ಹೋದ್ಲು ಅಂದೆ — ಎಲ್ಲಿಗೆ ಹೋದ್ಲು — ಸತ್ತೋದ್ಲು ಅಂದೆ ಕಣೇ, ಬಾಯಿಗೆ ಬಂತು, ಇಲ್ಲಾಂದ್ರೆ ಈ ವಯಸ್ಸಲ್ಲಿ ಗಾಡಿ ಹೊಡ್ಕೊಂಡು ಇಲ್ಲಿಗೇ ಬಂದ್ರೆ, ಬೀದಿ ಎಲ್ಲ ಬಾಯಿಬಾಯಿ, ಇವಳ ಸ್ವಭಾವ ನಿಂಗೊತ್ತಲ್ಲ — ಸತ್ತಳು ಅಂದ್ಯಾ ವೆನ್ಸ್, ಬದುಕಿರೋರನ್ನ, ಥೂ, ಅಪಶಕುನ — ಅವಳು ನಗುತ್ತಲೇ ಅಂದಳು, ಆದರೆ ನಗು ಪೂರ್ತಿಯಾಗಲಿಲ್ಲ, ಅಷ್ಟು ಮರ್ಯಾದೆ ಅವಳಿಗಿದೆ — ಅವನೇನು ಮಾಡಿದ — ಏನಿಲ್ಲ, ಟೋಪಿ ತೆಗೆದ, ಒಂದು ಕಿತ್ತಳೆ ಕೈಲಿತ್ತು, ಅದನ್ನೇ ತಿರುಗಿಸ್ತಾ ನಿಂತ, ಆಮೇಲೆ ಗಿರಾಕಿ ಬಂದ್ರು. ಟೋಪಿ ತೆಗೆದ, ಮೀನಿನ ಕೊಳೆನೀರಿನಲ್ಲಿ ನಿಂತು ನನಗಾಗಿ ಟೋಪಿ ತೆಗೆದ, ನಾನು ಆ ಹೊತ್ತು ಏನು ಮಾಡುತ್ತಿದ್ದೆ, ಸಾರಿಗೆ ಉಪ್ಪು ಹಾಕುತ್ತಿದ್ದೆನೋ, ಅವನನ್ನು ಬೈಯುತ್ತಿದ್ದೆನೋ, ಸತ್ತವಳು.

ಶನಿವಾರ, ಇವತ್ತು ಶನಿವಾರ, ಮೀನಿನ ಅಂಗಡಿಗಳ ಕೊನೆ, ಚಪ್ಪಲಿ ಎಲ್ಲಿ, ಚೀಲ ಎಲ್ಲಿ, ಹಿತ್ತಲ ಬಾಗಿಲಿನಿಂದ ಓಣಿಗೆ ಇಳಿದರೆ ಇವರ ಮುಖ ನೋಡದೆ ಬಸ್ಸು ಹಿಡಿಯಬಹುದು, ಇಲ್ಲ, ಹಿತ್ತಲಿನಿಂದ ಯಾಕೆ, ಮುಂದಿನ ಬಾಗಿಲು ಅಂದಿದ್ದ ಅವನು, ಮುಂದಿನ ಬಾಗಿಲಿನಿಂದಲೇ ಇಳಿಯುತ್ತೇನೆ, ಈ ಚಿರತೆಯನ್ನೂ ಈ ಅಣ್ಣನನ್ನೂ ದಾಟಿಕೊಂಡು, ಒದ್ದೆ ಕಾಲಿನಲ್ಲೇ, ಹೋಗಿ ಅವನ ಗಾಡಿಯ ಮುಂದೆ ನಿಲ್ಲುತ್ತೇನೆ, ಆ ಸಂಜೆ ಕುರ್ಚಿಯಲ್ಲಿದ್ದವಳು ನಾನಲ್ಲ ಎಂದು ಹೇಳುತ್ತೇನೆ, ಅವನಿಗೆ ಹೆಂಡತಿ ಇರಲಿ ಮೊಮ್ಮಕ್ಕಳಿರಲಿ, ಅದೊಂದು ಮಾತು ಅವನ ಕಿವಿಗೆ ಬೀಳಬೇಕು, ಆಮೇಲೆ ಏನಾದರೂ ಆಗಲಿ — ಎದ್ದೆ, ಅಪ್ಪನ ತೂಗುಕುರ್ಚಿ ಕಿರ್ ಅಂತು — ಆಚೆ ಮಾತು ನಿಂತಿತು. ಏನದು — ವೆನ್ಸನ ದನಿ — ಒಳಗಿಂದ, ಕೇಳಿಸ್ತಾ — ಕೇಳಿಸಿತು, ಕೇಳಿಸದೆ ಇರುತ್ತದೆಯೇ, ಆ ಕಿರುಗುಟ್ಟುವಿಕೆ ಈ ಲೋಕದಲ್ಲಿ ಇಬ್ಬರು ಗಂಡಸರಿಗೆ ಗೊತ್ತು, ಅವನು ಎದ್ದ, ಬಂದ, ಎರಡೂ ಕೈ ಕಣ್ಣಿನ ಪಕ್ಕ ಇಟ್ಟುಕೊಂಡ, ಬಗ್ಗಿದ, ನೊಣ ಹಾರಿತು, ಅಣ್ಣನ ಮೂಗು ಬಂದು ಸರಿಯಾಗಿ ಅಲ್ಲೇ ಒತ್ತಿತು, ಹಂಸದ ತಲೆಯಿಲ್ಲದ ಜಾಗದಲ್ಲೇ — ಮಿಲ್ಲಿ, ಒಳಗಿದೀಯಾ — ನನ್ನ ಮುಖಕ್ಕೂ ಅವನ ಮುಖಕ್ಕೂ ಮಧ್ಯೆ ಬರೀ ತಂತಿ, ಅವನಿಗೆ ನಾನು ಕಾಣುವುದಿಲ್ಲ, ನನಗೆ ಎಲ್ಲ ಕಾಣುತ್ತದೆ, ಮೂಗಿನ ರಂಧ್ರದ ಕೂದಲು, ತುಟಿಯ ಮೇಲಿನ ಬೆವರು, ಕಣ್ಣಿನ ಹೆದರಿಕೆ — ಮಿಲ್ಲಿ, ತಮಾಷೆ ಮಾಡ್ಬೇಡ, ಒಂದು ಮಾತಾಡು — ಎಷ್ಟು ಹತ್ತಿರ, ಎಷ್ಟು ಸ್ಪಷ್ಟ, ಇಲ್ಲಿ ಕೂತವನಿಗೆ ಹಾಗಾದರೆ ಎಲ್ಲ ಕಂಡಿತ್ತು, ಮುಸ್ಸಂಜೆಯ ಬೆಳಕಿನಲ್ಲಿ ಅಲಾಂಜೊನ ಕೋಟಿನ ಗುಂಡಿ ಕಂಡಿತ್ತು, ಮಾತಿಗೆ ತೆರೆದ ತುಟಿ ಕಂಡಿತ್ತು, ಕಣ್ಣು ಕಂಡಿತ್ತು, ಕಂಡೂ — ಸತ್ತವಳು ಮಾತಾಡುವುದಿಲ್ಲ ವೆನ್ಸ್, ಕೇಳು, ಇನ್ನೂ ಕೇಳು, ಬಾಗಿಲ ಚಿಲಕಕ್ಕೆ ನನ್ನ ಕೈ ಹೋಗುತ್ತಿದೆ, ಹೋಗುತ್ತಿದೆ, ಆದರೆ ಕಣ್ಣು ಅಲ್ಲೇ ನಿಂತಿದೆ, ಆ ಒತ್ತಿದ ಮೂಗಿನ ಆಚೆ ಇನ್ನೊಂದು ಮೂಗು, ಅದರ ತುದಿಯಲ್ಲಿ ಬಿಳಿ, ಯಾರೂ ಅವನಿಗೆ ಹೇಳಲಿಲ್ಲ, ಒರೆಸಿಕೋ ಎಂದು ಯಾರೂ ಹೇಳಲಿಲ್ಲ, ಸುಟ್ಟ ಅಂಗಡಿಗಳನ್ನು ದಾಟಿ, ಬಂದೂಕಿನ ಹುಡುಗರನ್ನು ದಾಟಿ, ಇಡೀ ಊರನ್ನು ದಾಟಿ, ಅವನು ನಡೆದು ಹೋಗುತ್ತಿದ್ದಾನೆ, ಕೋಟು ಹಾಕಿಕೊಂಡು, ಮೂಗಿನ ಮೇಲೆ ನಮ್ಮ ಹಂಸದ ತಲೆ ಹೊತ್ತುಕೊಂಡು, ಬಿಳಿ, ಇನ್ನೂ ಹಸಿ —